ಎರಡನೇ ಕೌಂಟರಿನ ನೀರು

ಮುತ್ತಲಕೊಪ್ಪ (ಮಿಶ್ರಿಕೋಟಿ ಅಂಚೆ), ತಾ. ಕಲಘಟಗಿ
೪ ಆಗಸ್ಟ್ ೨೦೨೫

ಇವರಿಗೆ,
ಶುಭ್ರಧಾರಾ ಯಂತ್ರ ಕಂಪನಿ, ಬೆಳಗಾವಿ

ಮಾನ್ಯರೆ,

ನಾನು ಭಾಗ್ಯಾ ಮಾಂತೇಶ ಅರಳಿಕಟ್ಟಿ, ನಮ್ಮೂರಿನ ಹೆಣ್ಣುಮಕ್ಕಳ ಹಾಲಿನ ಸಂಘದ ಕಾರ್ಯದರ್ಶಿ. ಜೂನ್‌ನಲ್ಲಿ ನಿಮ್ಮ ಎರಡು ಕೌಂಟರಿನ ಹೊಸ ಯಂತ್ರ ನಮ್ಮಲ್ಲಿ ಕೂಡಿಸಿದ್ದೀರಿ. ಒಂದರಲ್ಲಿ ಆಕಳ ಹಾಲು, ಇನ್ನೊಂದರಲ್ಲಿ ಎಮ್ಮೆಯ ಹಾಲು, ಎರಡೂ ಒಮ್ಮೆಗೇ ಪರೀಕ್ಷೆಯಾಗುತ್ತವೆ. ಮೊದಲು ಮುಂಜಾನೆಯ ಸರದಿ ಮುಗಿಯುವಷ್ಟರಲ್ಲಿ ಮಕ್ಕಳ ಶಾಲೆಯ ಹೊತ್ತು ಮೀರುತ್ತಿತ್ತು. ಈಗ ಹಾಗಿಲ್ಲ. ಯಂತ್ರದ ಬಗ್ಗೆ ನನ್ನ ದೂರಿಲ್ಲ.

ದೂರು ಇರುವುದು ಒಬ್ಬ ಹೆಂಗಸಿನ ಬಗ್ಗೆ. ಮೈಲಾರವ್ವ ಎಂಬವಳು ನಮ್ಮ ಸದಸ್ಯೆ. ಗಂಡನಿಲ್ಲ. ಊರ ಹೊರಗೆ ಕಾಡಿನಂಚಿಗೆ ಮನೆ, ಎರಡು ಆಕಳು, ಒಂದಿಷ್ಟು ಕುರಿ. ಹೊಸ ಯಂತ್ರ ಬಂದಾಗಿನಿಂದ ಅವಳ ಹಾಲಿನಲ್ಲಿ ನೀರು ತೋರಿಸುತ್ತಿದೆ. ಅಪರೂಪಕ್ಕೆ ಒಮ್ಮೆ ಅಲ್ಲ, ವಾರದಲ್ಲಿ ಮೂರ್ನಾಲ್ಕು ದಿನ. ಕೇಳಿದರೆ "ನಾ ಹಾಕಿಲ್ಲವಾ" ಎನ್ನುತ್ತಾಳೆ, ಅಷ್ಟೆ. ಜಗಳವಾಡುವುದಿಲ್ಲ, ಅಳುವುದಿಲ್ಲ, ಆಣೆ ಮಾಡುವುದಿಲ್ಲ. ಆ ತಣ್ಣನೆ ಮುಖ ನೋಡಿದರೆ ನನಗೆ ಮೈ ಉರಿಯುತ್ತದೆ. ಕರುವಿನ ಪಾಲು ಕಸಿದು ತಂದ ಹಾಲು ಅದು, ಯಾರದೋ ಕೂಸಿನ ಬಾಯಿಗೆ ಹೋಗುವಂಥದು. ಅದಕ್ಕೆ ಹಳ್ಳದ ನೀರು ಬೆರೆಸುವ ಕೈಯನ್ನು ಮುಟ್ಟಿ ಸಂಘದ ಸದಸ್ಯತ್ವದ ಕಾರ್ಡು ಇಸಗೊಳ್ಳಲು ಹೇಸಿಕೆ.

ನಿಮ್ಮ ಮೆಕ್ಯಾನಿಕ್ ಜುಲೈನಲ್ಲಿ ಒಂದು ಮಧ್ಯಾಹ್ನ ಬಂದು ನೋಡಿ, ಯಂತ್ರ ಸರಿ ಇದೆ ಎಂದು ಬಾಯಿಮಾತಿನಲ್ಲಿ ಹೇಳಿಹೋದರು. ಈ ತಿಂಗಳ ೨೦ಕ್ಕೆ ನಮ್ಮ ಸಭೆ ಇದೆ. ಅವಳ ಕಾರ್ಡು ರದ್ದು ಮಾಡಬೇಕೆಂದರೆ ಕಂಪನಿಯ ಸಹಿ, ಸಿಕ್ಕಾದ ಮುದ್ರೆ ಇರುವ ಪ್ರಮಾಣಪತ್ರ ಬೇಕು. ಬಾಯಿಮಾತಾಗಲಿ ಫೋನಾಗಲಿ ಸಭೆಯಲ್ಲಿ ನಡೆಯುವುದಿಲ್ಲ. ದಯವಿಟ್ಟು ಕಳಿಸಿ.

ಇಂತಿ,
ಭಾಗ್ಯಾ ಮಾಂ. ಅರಳಿಕಟ್ಟಿ


ಬೆಳಗಾವಿ
೧೧ ಆಗಸ್ಟ್ ೨೦೨೫

ಶ್ರೀಮತಿ ಭಾಗ್ಯಾ ಅರಳಿಕಟ್ಟಿ ಅವರಿಗೆ,

ನಮಸ್ಕಾರ. ನೀವು ಕೇಳಿದ ಪ್ರಮಾಣಪತ್ರ ಇದರ ಜೊತೆಗಿದೆ. ಯಂತ್ರದ ಒಳಗಿನ ಪ್ರೋಗ್ರಾಂ ಬರೆದವಳು ನಾನು, ಹಾಗಾಗಿ ಸಹಿಯೂ ನನ್ನದೇ.

ಸಭೆಯಲ್ಲಿ ಯಾರಾದರೂ ಅನುಮಾನಪಟ್ಟರೆ ಹೇಳಲು ಅನುಕೂಲವಾಗಲೆಂದು ನಾಲ್ಕು ಮಾತು ಬರೆಯುತ್ತೇನೆ. ಎರಡು ಕೆಲಸ ಒಮ್ಮೆಗೇ ನಡೆಯುವ ಯಂತ್ರಗಳಲ್ಲಿ ಒಂದು ಹಳೆಯ ರೋಗವಿದೆ. ಎರಡೂ ಕೆಲಸಗಳು ಒಂದೇ ಜಾಗದಲ್ಲಿ ಬರೆಯಲು ಹೋಗಿ, ಒಂದು ಬರೆದದ್ದನ್ನು ಇನ್ನೊಂದು ಕೆಡಿಸುತ್ತದೆ. ದಿನವೂ ಕೆಡಿಸುವುದಿಲ್ಲ, ಯಾವಾಗಲೋ ಕೆಡಿಸುತ್ತದೆ. ಹಿಡಿಯುವುದು ಬಹಳ ಕಷ್ಟ. ಅದಕ್ಕೇ ನಾನು ಹಟ ಹಿಡಿದು ಈ ಪ್ರೋಗ್ರಾಂ ಅನ್ನು ರಸ್ಟ್ ಎಂಬ ಹೊಸ ಭಾಷೆಯಲ್ಲಿ ಬರೆದೆ. ಇದರಲ್ಲಿ ಬರೆದದ್ದನ್ನು ಮೊದಲು ಕಂಪೈಲರ್ ಎಂಬುದು ತಪಾಸಣೆಗಾರನಂತೆ ಓದುತ್ತದೆ. ಒಂದೇ ಜಾಗಕ್ಕೆ ಇಬ್ಬರು ಒಟ್ಟಿಗೆ ಕೈಹಾಕುವ ಸಾಧ್ಯತೆ ಕಂಡರೆ ಪ್ರೋಗ್ರಾಂ ತಯಾರಾಗಲಿಕ್ಕೇ ಬಿಡುವುದಿಲ್ಲ. ಒಬ್ಬರ ಕೈಯಲ್ಲಿದ್ದಾಗ ಇನ್ನೊಬ್ಬರಿಗೆ ಬಾಗಿಲು ಮುಚ್ಚಿ ಕೀಲಿ ಹಾಕಿದಂತೆ. ಒಂದು ಕೌಂಟರಿನ ಲೆಕ್ಕ ಇನ್ನೊಂದಕ್ಕೆ ಬೆರೆಯಲು ಭಾಷೆಯೇ ಬಿಡುವುದಿಲ್ಲ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮೋಸ ಮಾಡುವವರು ಸಿಕ್ಕಿಬೀಳಲಿ ಎಂದೇ ಇಂಥ ಯಂತ್ರ ಮಾಡುವುದು.

ವಂದನೆಗಳೊಂದಿಗೆ,
ಜ್ಯೋತ್ಸ್ನಾ ಗಲಗಲಿ


ಮುತ್ತಲಕೊಪ್ಪ
೨೨ ಆಗಸ್ಟ್ ೨೦೨೫

ಜ್ಯೋತ್ಸ್ನಾ ಮೇಡಂ ಅವರಿಗೆ,

ಪ್ರಮಾಣಪತ್ರ ತಲುಪಿತು. ಸಭೆಯಲ್ಲಿ ನಾನೇ ಓದಿದೆ. ನಿಮ್ಮ ಪತ್ರದ "ಭಾಷೆಯೇ ಬಿಡುವುದಿಲ್ಲ" ಎಂಬ ಸಾಲನ್ನು ಮತ್ತೊಮ್ಮೆ ಓದಿಸಿದರು.

ನಮ್ಮ ಅಧ್ಯಕ್ಷೆ ಸುವರ್ಣಕ್ಕ ಕೇಳಿದರು, "ಕೇಳಿದ್ಯಾ ಮೈಲಾರವ್ವಾ? ಭಾಷಾನ ಬಿಡೂದಿಲ್ಲಂತ ಬರದಾರ. ಇನ್ನೇನ ಹೇಳ್ತಿ ಬೇ?"

ಅವಳು ಎದ್ದು ನಿಂತು, "ಅವರ ಭಾಷಾ ನನಗ ಬರೂದಿಲ್ರಿ. ನಾ ನೀರು ಹಾಕಿಲ್ಲ" ಎಂದಳು. ಯಾರೋ ಹಿಂದಿನಿಂದ ನಕ್ಕರು. ಕಾರ್ಡನ್ನು ಸೆರಗಿನಿಂದ ಒರೆಸಿ ನನ್ನ ಮೇಜಿನ ಮೇಲಿಟ್ಟು ಹೋದಳು.

ಪ್ರಮಾಣಪತ್ರವನ್ನು ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೇವೆ. ಹುಡುಗಿಯರು ಅವಳಿಗೆ 'ನೀರವ್ವ' ಎಂದು ಹೆಸರಿಟ್ಟಿದ್ದಾರೆ. ಅದೊಂದು ನನಗೆ ಸರಿ ಕಾಣಲಿಲ್ಲ, ಆದರೆ ತಾನು ಮಾಡಿದ್ದನ್ನು ತಾನೇ ಉಣ್ಣಬೇಕಲ್ಲ. ನಿಮ್ಮ ಸಹಾಯಕ್ಕೆ ಸಂಘದ ಪರವಾಗಿ ಉಪಕಾರ.

ಭಾಗ್ಯಾ


ಮುತ್ತಲಕೊಪ್ಪ
೧೯ ಸೆಪ್ಟೆಂಬರ್ ೨೦೨೫

ಜ್ಯೋತ್ಸ್ನಾ ಗಲಗಲಿ ಅವರಿಗೆ,

ಈ ಪತ್ರವನ್ನು ಮೊನ್ನೆಯೇ ಬರೆದು ಹರಿದೆ. ಇದು ಎರಡನೆಯದು.

ಮೈಲಾರವ್ವ ಹೋದ ಒಂದೇ ವಾರಕ್ಕೆ ಇನ್ನೊಬ್ಬ ಸದಸ್ಯೆ ಖಾಸಿಂಬಿಯ ಹಾಲಿನಲ್ಲಿ ನೀರು ತೋರಿಸತೊಡಗಿತು. ಎಷ್ಟು ವರ್ಷಗಳಿಂದ ಹಾಲು ಹಾಕುತ್ತಿದ್ದಾಳೆ, ಒಂದು ಮಾತು ಬಂದಿಲ್ಲ. ಸರದಿಯಲ್ಲಿ ನಿಂತವರು "ನೀರವ್ವನ ಗಾಳಿ ಬಡೀತೇನ?" ಎಂದರು. ಖಾಸಿಂಬಿ ಮೈಲಾರವ್ವನಂತೆ ಸುಮ್ಮನಿರುವವಳಲ್ಲ. ಕ್ಯಾನನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಏ ಭಾಗ್ಯಾ, ಕುಂತ ಬರೀಬ್ಯಾಡ, ಏಳ! ನಾಳೆ ನಸುಕಿನ್ಯಾಗ ನಮ್ಮ ಮನಿಗೆ ಬಾ. ನಾ ಹಿಂಡೂದ ಕಣ್ಣಾರೆ ನೋಡು. ಅಲ್ಲಾನ ಆಣಿ, ಕ್ಯಾನ ನೀನ ಹೊತ್ತಗೊಂಡ ಬಾ. ನೀರು ಬಂದ್ರ ನನ್ನ ಮಾರಿ ಮ್ಯಾಲ ಉಗುಳು. ಬರಲಿಲ್ಲಂದ್ರ ನಾ ಎಲ್ಲಿ ಉಗುಳ್ಲಿ, ಅದನ್ನ ನೀ ಹೇಳು."

ಹೋದೆ. ಕ್ಯಾನನ್ನು ನಾನೇ ತೊಳೆದೆ, ನಾನೇ ಬೋರಲು ಹಾಕಿ ನೀರು ಬಸಿದು ಒರೆಸಿದೆ. ಅವಳು ಹಿಂಡುವಾಗ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಸೋಸಿ ಮುಚ್ಚಳ ಬಿಗಿದು, ತಲೆಯ ಮೇಲೆ ಹೊತ್ತು, ದಾರಿಯಲ್ಲಿ ಯಾರ ಜೊತೆಗೂ ಮಾತಾಡದೆ ಸಂಘಕ್ಕೆ ತಂದು, ನನ್ನ ಕೈಯಿಂದಲೇ ಕೌಂಟರಿಗೆ ಹೊಯ್ದೆ.

ನೀರು. ನೂರಕ್ಕೆ ನಲವತ್ತು ಪಾಲು ನೀರು ಎಂದು ತೋರಿಸಿತು.

ಖಾಸಿಂಬಿ ನನ್ನ ಮುಖ ನೋಡುತ್ತಿದ್ದಳು. ನಾನು ಆ ನಂಬರನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಕ್ಯಾನಿನಿಂದ ಮತ್ತೆ ಹಾಕಿದೆ. ಸರಿ ಬಂತು, ಬಂಗಾರದಂಥ ಹಾಲು. ಒಂದೇ ಕ್ಯಾನು, ಒಂದೇ ಆಕಳು.

ಯಂತ್ರದ ಮೇಲಿನ ಗೋಡೆಯಲ್ಲಿ ನಿಮ್ಮ ಸಹಿ ಇತ್ತು.

ಮೈಲಾರವ್ವನ ಕಾರ್ಡನ್ನು ಇದೇ ಕೈಯಿಂದ ಇಸಗೊಂಡಿದ್ದೇನೆ. ನಿಮ್ಮ ಕಂಪನಿಯವರು ಏನು ಹೇಳುತ್ತೀರಿ, ಹೇಳಿ. ಈ ಸಲ ಭಾಷೆಯ ಕಥೆ ಬೇಡ.

ಭಾಗ್ಯಾ ಅರಳಿಕಟ್ಟಿ


ಬೆಳಗಾವಿ
೨೪ ಸೆಪ್ಟೆಂಬರ್ ೨೦೨೫

ಭಾಗ್ಯಾ ಅವರಿಗೆ,

ನಿಮ್ಮ ಪತ್ರ ಸಿಕ್ಕಿತು. ಕೆಲವು ವಿಷಯ ತಿಳಿಯಬೇಕಿದೆ. ನೀರು ತೋರಿಸಿದ ಹೊತ್ತಿಗೆ ಎರಡನೇ ಕೌಂಟರ್ ಚಾಲೂ ಇತ್ತೆ? ಅಲ್ಲಿ ಯಾರಾದರೂ ಹಾಲು ಹಾಕುತ್ತಿದ್ದರೋ, ಅಥವಾ ಬೇರೇನಾದರೂ ನಡೆದಿತ್ತೆ? ಸರಿಯಾಗಿ ಬಂದಾಗ ಅದು ಬಂದ್ ಇತ್ತೆ? ಮೈಲಾರವ್ವ ಸಾಮಾನ್ಯವಾಗಿ ಸರದಿಯಲ್ಲಿ ಎಷ್ಟು ಹೊತ್ತಿಗೆ ಬರುತ್ತಿದ್ದರು?

ಉತ್ತರವನ್ನು ದಯವಿಟ್ಟು ಕಂಪನಿಯ ವಿಳಾಸಕ್ಕೆ ಬೇಡ, ಕೆಳಗೆ ಕೊಟ್ಟಿರುವ ನನ್ನ ಮನೆಯ ವಿಳಾಸಕ್ಕೆ ಕಳಿಸಿ.

ಜ್ಯೋತ್ಸ್ನಾ


ಮುತ್ತಲಕೊಪ್ಪ
೧ ಅಕ್ಟೋಬರ್ ೨೦೨೫

ಜ್ಯೋತ್ಸ್ನಾ ಅವರಿಗೆ,

ನಾನು ಇಷ್ಟುದ್ದ ಬರೆದದ್ದಕ್ಕೆ ನಿಮ್ಮಿಂದ ಬಂದದ್ದು ನಾಲ್ಕು ಪ್ರಶ್ನೆ. 'ತಪ್ಪಾಯಿತು' ಎಂಬ ಒಂದು ಪದವಿಲ್ಲ. 'ಇರಬಹುದು' ಎಂದೂ ಇಲ್ಲ. ಕಳಕೊಂಡವರನ್ನೇ ಕೂಡಿಸಿ ವಿಚಾರಣೆ ಮಾಡುವ ಪೊಲೀಸರು ಹೀಗೇ ಕೇಳುತ್ತಾರೆ. ಮೇಲಾಗಿ ಪತ್ರ ಮನೆಗೆ ಕಳಿಸಿ ಅಂತೀರಿ. ಕಂಪನಿಯ ಕಡತದಲ್ಲಿ ನಮ್ಮ ದೂರು ಇರಬಾರದು, ಅದಕ್ಕೇ ಅಲ್ಲವೆ? ಓದಿದವರ ಹುಷಾರಿಕೆ.

ಆದರೂ ಉತ್ತರ ಬರೆಯುತ್ತೇನೆ, ನಾವೇ ಮುಚ್ಚಿಟ್ಟೆವು ಎಂದು ನಾಳೆ ಹೇಳಬಾರದು. ನಮ್ಮಲ್ಲಿ ಎಮ್ಮೆಗಳು ಕಡಿಮೆ. ಎಮ್ಮೆ ಹಾಲಿನ ಸರದಿ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಎರಡನೇ ಕೌಂಟರ್ ತನ್ನಷ್ಟಕ್ಕೆ ನೀರು ಎಳೆದುಕೊಂಡು ತೊಳೆದುಕೊಳ್ಳುತ್ತದೆ, ನಾವು 'ಬಾಯಿ ಮುಕ್ಕಳಿಸುವುದು' ಎನ್ನುತ್ತೇವೆ. ಖಾಸಿಂಬಿಯ ಹಾಲು ಹಾಕಿದಾಗ ಅದು ಮುಕ್ಕಳಿಸುತ್ತಿತ್ತು. ಎರಡನೇ ಸಲ ಹಾಕುವಾಗ ಮುಗಿದಿತ್ತು. ಮೈಲಾರವ್ವನ ಮನೆ ದೂರ, ಯಾವಾಗಲೂ ಕೊನೆಗೆ ಬರುತ್ತಿದ್ದಳು. ಅವಳು ಹೋದ ಮೇಲೆ ಕೊನೆಯವಳು ಖಾಸಿಂಬಿ.

ನೀವು ಕೇಳದೇ ಇದ್ದದ್ದನ್ನೂ ಬರೆಯುತ್ತೇನೆ. ಮೊನ್ನೆ ಸುವರ್ಣಕ್ಕನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದರು. ಊರನ್ನೆಲ್ಲ ಕರೆದಿದ್ದರು. ಮೈಲಾರವ್ವ ಪಾಯಸಕ್ಕೆಂದು ಹಿತ್ತಾಳೆ ತಂಬಿಗೆಯಲ್ಲಿ ಹಾಲು ತಂದಿದ್ದಳು. ಕರೆದವರ ಮನೆಗೆ ಬರಿಗೈಲಿ ಹೋಗುವ ಜಾತಿಯಲ್ಲ ಅವಳದು. ಬಾಗಿಲಲ್ಲಿ ನಗುನಗುತ್ತಲೇ ಇಸಗೊಂಡ ಸುವರ್ಣಕ್ಕನ ನಾದಿನಿ ಅದನ್ನು ಹಿತ್ತಲಿಗೆ ಒಯ್ದು ಗಟಾರಕ್ಕೆ ಸುರಿದಳು. "ಕೂಸಿನ ಕಾರ್ಯಕ್ಕ ಇಂಥಾ ಹೊಲಸ ಹಾಲ ಯಾಕ" ಎಂದಳು. ಕೈಕಾಲು ತೊಳೆಯಲು ಹಿತ್ತಲಿಗೆ ಬಂದಿದ್ದ ಮೈಲಾರವ್ವ ಅಲ್ಲೇ ನಿಂತಿದ್ದಳು. ನಾನೂ ನಿಂತಿದ್ದೆ. ನಾಯಿಯೊಂದು ಬಂದು ಆ ಗಟಾರ ನೆಕ್ಕತೊಡಗಿತು. ಮೈಲಾರವ್ವ ತಂಬಿಗೆ ಎತ್ತಿಕೊಂಡು, ಉಣ್ಣದೆ ಹೋದಳು.

ಅಷ್ಟೊತ್ತಿಗೆ ನನಗೆ ಗೊತ್ತಿತ್ತು, ಅವಳ ಹಾಲು ಒಳ್ಳೆಯದೆಂದು. ಆದರೆ ಕೈಯಲ್ಲಿ ಕಾಗದವಿಲ್ಲ. ಸುಮ್ಮನಿದ್ದೆ. ನಿಮ್ಮ ಮೇಲಿನ ಹೇಸಿಕೆಗೂ ನನ್ನ ಮೇಲಿನ ಹೇಸಿಕೆಗೂ ಈಗ ಬಹಳ ಅಂತರ ಉಳಿದಿಲ್ಲ.

ಭಾಗ್ಯಾ


ಬೆಳಗಾವಿ
೧೨ ಅಕ್ಟೋಬರ್ ೨೦೨೫

ಭಾಗ್ಯಕ್ಕ,

ನಿಮ್ಮ ಸಿಟ್ಟನ್ನು ಓದಿದೆ. ಪತ್ರ ಮನೆಗೆ ಕಳಿಸಿ ಎಂದದ್ದು ದೂರು ಮುಚ್ಚಲಿಕ್ಕಲ್ಲ. ಆಫೀಸಿಗೆ ಬಂದ ನಿಮ್ಮ ಹಿಂದಿನ ಪತ್ರ ನನಗಿಂತ ಮೊದಲು ಬೇರೆಯವರ ಕೈ ಸೇರಿತ್ತು, ಮೂಲೆ ಹರಿದು ನನ್ನ ಮೇಜಿಗೆ ಬಂದಿತ್ತು. ಗೊತ್ತಾಗುವವರೆಗೆ ಏನೂ ಬರೆಯಬಾರದು ಎಂದು ತಡೆದುಕೊಂಡೆ. ಈಗ ಗೊತ್ತಾಗಿದೆ.

ನಿಮ್ಮ ಹಾಲು ಸರಿ ಇತ್ತು. ಮೈಲಾರವ್ವ ಹೇಳಿದ್ದು ನಿಜ. ನನ್ನ ಪ್ರಮಾಣಪತ್ರ ಸುಳ್ಳು.

ಮುಕ್ಕಳಿಸುವ ವಿಷಯ ಓದಿದ ದಿನವೇ ಇಲ್ಲಿಯ ಯಂತ್ರದಲ್ಲಿ ನೋಡಿದೆ. ಅಂಗಡಿಯ ಪ್ಯಾಕೆಟ್ ಹಾಲನ್ನು ಮೊದಲ ಕೌಂಟರಿಗೆ ಹಾಕಿದೆ, ಎರಡನೆಯದನ್ನು ತೊಳೆಯಲು ಬಿಟ್ಟೆ. ಸರಿ ಬಂತು. ಮತ್ತೆ ಹಾಕಿದೆ, ಸರಿ ಬಂತು. ಇನ್ನು ಬಿಡೋಣ ಎನ್ನುವಷ್ಟರಲ್ಲಿ ನೀರು ಎಂದಿತು. ಯಂತ್ರ ತನ್ನ ಬಾಯಿ ಮುಕ್ಕಳಿಸಿದ ನೀರಿನ ಲೆಕ್ಕವನ್ನು ಪಕ್ಕದಲ್ಲಿ ನಿಂತವಳ ಹಾಲಿನ ಲೆಕ್ಕದ ಮೇಲೆ ಉಗುಳುತ್ತಿತ್ತು. ನಮ್ಮ ಮೆಕ್ಯಾನಿಕ್ ಬಂದ ಮಧ್ಯಾಹ್ನ ಒಂದೇ ಕೌಂಟರ್ ನಡೆಸಿ ನೋಡಿದ್ದರಿಂದ ಏನೂ ಕಾಣಲಿಲ್ಲ.

ಆಮೇಲೆ ಪ್ರೋಗ್ರಾಂ ತೆರೆದೆ. ನಾನು ಹಾಕಿದ್ದ ಕೀಲಿ ಅಲ್ಲಿರಲಿಲ್ಲ.

ಭಾಷೆಯ ಕಥೆ ಬೇಡ ಎಂದಿದ್ದೀರಿ, ಆದರೆ ಇದನ್ನು ಹೇಳದೆ ವಿಧಿಯಿಲ್ಲ. ರಸ್ಟ್‌ನಲ್ಲಿ 'ಅನ್‌ಸೇಫ್' ಎಂದು ಒಂದು ಪದವಿದೆ. ಅದನ್ನು ಬರೆದರೆ ಕಂಪೈಲರ್ ಅಷ್ಟು ಜಾಗದಲ್ಲಿ ತಾನು ಖಾತ್ರಿ ಮಾಡಲಾಗದ್ದನ್ನು ಬರೆದವರ ಮಾತಿನ ಮೇಲೆ ಬಿಡುತ್ತದೆ. ಕೆಲವು ಕಡೆ ಅದು ಬೇಕೇ ಬೇಕು, ಅದೇ ಪಾಪವಲ್ಲ. ಆದರೆ ಬಳಸಿದವರು ಮೇಲೊಂದು ಸಾಲು ಬರೆಯುವ ಪದ್ಧತಿ ಇದೆ: ಇಲ್ಲಿ ಅಪಾಯ ಯಾಕಿಲ್ಲ ಎಂದು. ನಮ್ಮ ಮಾಲೀಕರ ಮಗ ಸುಶ್ರುತ ನನ್ನ ಕೀಲಿ ಕಿತ್ತಿದ್ದಾನೆ. ಕಂಪೈಲರ್ ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಆಗ 'ಅನ್‌ಸೇಫ್' ಬರೆದು ಅದರ ಬಾಯಿ ಮುಚ್ಚಿಸಿದ್ದಾನೆ. ಮೇಲೆ ಬರೆದ ಸಾಲು ಇದು: "ಎರಡು ಕೌಂಟರ್ ಎಂದೂ ಒಟ್ಟಿಗೆ ನಡೆಯುವುದಿಲ್ಲ."

ಎರಡು ಕೌಂಟರ್ ಒಟ್ಟಿಗೆ ನಡೆಯುತ್ತವೆ ಎಂದು ಹೇಳಿಯೇ ಮಾರಿದ ಯಂತ್ರ. ಆ ಸಾಲು ಓದಿದಾಗ ಕೊಳೆತದ್ದೇನನ್ನೋ ಮುಟ್ಟಿದಂತಾಗಿ ಕೀಬೋರ್ಡಿನಿಂದ ಕೈ ತೆಗೆದೆ. ಆ ಬದಲಾವಣೆ ಮೇ ತಿಂಗಳದು. ಆಗಸ್ಟ್‌ನಲ್ಲಿ ನಿಮಗೆ ಸಹಿ ಹಾಕಿ ಕಳಿಸುವಾಗ ನಾನು ತೆರೆದು ನೋಡಿರಲಿಲ್ಲ. ನಾನು ಬರೆದದ್ದು ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಸುಶ್ರುತನನ್ನು ಕೇಳಿದೆ. "ಪ್ರದರ್ಶನದಾಗ ತೋರಸೂದಿತ್ತು. ನಿನ್ನ ಕೀಲಿ ಇದ್ರ ಎರಡನೇ ಕೌಂಟರ್ ಒಂದ ಕ್ಷಣ ತಡದಂಗ ಕಾಣ್ತಿತ್ತು. ಗಿರಾಕಿ ಮುಂದ ತಡದ್ರ ಹೆಂಗ?" ಎಂದ.

"ಕೀಲಿ ಹಗುರ ಮಾಡೋ ದಾರಿ ಇತ್ತಲ್ಲೋ. ಎರಡಕ್ಕೂ ಬ್ಯಾರೆ ಬ್ಯಾರೆ ಜಾಗಾ ಕೊಟ್ಟಿದ್ರ ಕೀಲೀನ ಬೇಕಾಗ್ತಿರಲಿಲ್ಲ. ನನ್ನನ್ನ ಒಂದ ಮಾತು ಕೇಳಬಾರದೇನು?"

"ಅರ್ಧಾ ದಿನದ ಕೆಲಸ ಅದು. ಯಾರಿಗಿತ್ತು ಟೈಮು?"

ಅರ್ಧ ದಿನ, ಅಕ್ಕ. ಅವನಿಗೆ ಅರ್ಧ ದಿನ ಇರಲಿಲ್ಲ.

ಮಾಲೀಕರು ಬಾಳಕೃಷ್ಣ ಕಾಕಾ, ನಮ್ಮ ತಂದೆಯ ಬಾಲ್ಯದ ಗೆಳೆಯರು. ನನ್ನನ್ನು ಎತ್ತಿ ಆಡಿಸಿದವರು. ಅವರೆದುರು ನಿಮ್ಮ ಪತ್ರ ಇಟ್ಟೆ. ಓದಿ ಕನ್ನಡಕ ತೆಗೆದು, "ಪಾಪ" ಎಂದರು. ಅದಾದ ಮೇಲೆ, "ಸರಿ ಮಾಡಿದ ಪ್ರೋಗ್ರಾಂ ಎಲ್ಲಾ ಯಂತ್ರಕ್ಕೂ ಕಳಿಸಿಬಿಡು. 'ಸುಧಾರಣೆ' ಅಂತ ಬರಿ. ತಪ್ಪು ಅಂತ ಎಲ್ಲೂ ಬರೀಬ್ಯಾಡ" ಎಂದರು.

"ಕಾಕಾ, ಆ ಹೆಣ್ಣುಮಗಳ ಕಾರ್ಡ್ ರದ್ದಾಗೇದ. ಊರಾಗ ಅಕೀಗೆ ನೀರವ್ವ ಅಂತಾರ. ಕಂಪನಿಯಿಂದ ಒಂದು ಪತ್ರ ಬೇಕು."

"ಇಂದ ಒಬ್ಬಾಕಿಗೆ ಬರದು ಕೊಟ್ರ ನಾಳೆ ಎಲ್ಲಾ ಊರಿನವರೂ ಬರ್ತಾರ. ಯಂತ್ರ ಸರಿ ಆತಲ್ಲಾ? ನಾಳಿಂದ ಅಕಿ ಹಾಲೂ ಸರಿ ಬರ್ತದ. ಮುಗೀತು."

ಮುಗಿಯಿತಂತೆ. ಮಾತಿನ ನಡುವೆ ಚಹಾ ಬಂತು, ನಾನು ಕುಡಿಯಲಿಲ್ಲ. ಪ್ರೋಗ್ರಾಂ ಸರಿ ಮಾಡಿದ್ದೇನೆ. ಈಗ ಎರಡು ಕೌಂಟರಿಗೂ ಬೇರೆ ಬೇರೆ ಜಾಗ. 'ಅನ್‌ಸೇಫ್' ಕಿತ್ತುಹಾಕಿದ್ದೇನೆ, ಕಂಪೈಲರ್ ತಕರಾರಿಲ್ಲದೆ ಒಪ್ಪಿತು. ಇಷ್ಟು ಬರೆದರೂ ನಿಮಗೆ ಬೇಕಾದ ಕಂಪನಿಯ ಕಾಗದ ನನ್ನ ಕೈಯಲ್ಲಿಲ್ಲ.

ಜ್ಯೋತ್ಸ್ನಾ


ಮುತ್ತಲಕೊಪ್ಪ
೨೩ ಅಕ್ಟೋಬರ್ ೨೦೨೫

ಜ್ಯೋತ್ಸ್ನಾ,

ಯಂತ್ರದ ಪರದೆ ಮೇಲೆ 'ಸುಧಾರಣೆ ಪೂರ್ಣಗೊಂಡಿದೆ' ಎಂದು ಬಂತು, ಜೊತೆಗೆ ಒಂದು ಹೂವಿನ ಚಿತ್ರ. ಆ ದಿನದಿಂದ ಯಾರ ಹಾಲಿನಲ್ಲೂ ನೀರಿಲ್ಲ. ಖಾಸಿಂಬಿಯ ಹಾಲೂ ಸರಿ. ನಿಮ್ಮ ಕಾಕಾ ಹೇಳಿದಂತೆಯೇ ಆಯಿತು.

ಸುವರ್ಣಕ್ಕನ ಮನೆಗೆ ಹೋಗಿ ನಿಮ್ಮ ಪತ್ರ ಓದಿಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ನನ್ನ ಕೈಗೆ ಉಂಡಿ ಕೊಟ್ಟು, "ಈಗ ಎಲ್ಲಾ ನೆಟ್ಟಗ ನಡದೈತಿ. ಮತ್ಯಾಕ ಕೆದಕತಿ? ಸಭಾ ಮಾಡಿ ತಗದ ಹಾಕಿದವರು ನಾವ. ತಪ್ಪಾತು ಅಂದ್ರ ನಮ್ಮ ಮರ್ಯಾದಿ ಏನಾಗಬೇಕು? ಅಕೀನ್ನ ಸುಮ್ಮ ಕರದ ಕಾರ್ಡ ಕೊಟ್ಟಬಿಡು" ಎಂದರು.

ನಿಮ್ಮ ಕಾಕಾ ಮತ್ತು ನಮ್ಮ ಸುವರ್ಣಕ್ಕ ಒಬ್ಬರನ್ನೊಬ್ಬರು ಕಂಡವರಲ್ಲ. ಮಾತು ಮಾತ್ರ ಒಂದೇ. ನಿಮ್ಮಲ್ಲಿ ಚಹಾ, ನಮ್ಮಲ್ಲಿ ಉಂಡಿ. ಉಂಡಿ ಬಾಯಲ್ಲಿಟ್ಟುಕೊಂಡು ಹೊರಗೆ ಬಂದೆ, ತಿಪ್ಪೆಗೆ ಉಗುಳಿದೆ.

ಮೈಲಾರವ್ವ ಈಗ ದಿನಾ ಮುಂಜಾನೆ ಮಿಶ್ರಿಕೋಟಿಗೆ ನಡೆದುಹೋಗಿ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಗೆ ಹಾಲು ಹಾಕುತ್ತಾಳೆ. ಅಂಗಡಿಯವ ಪುಂಡಲೀಕ ಚಮಚೆಯಲ್ಲಿ ಎತ್ತಿ ನಾಲಿಗೆಗೆ ಹಚ್ಚಿ ನೋಡಿ ತೆಗೆದುಕೊಳ್ಳುತ್ತಾನಂತೆ, ಅಷ್ಟೆ. ಕಾರ್ಡನ್ನು ನಾನು ಸುಮ್ಮನೆ ಕರೆದು ಕೊಡುವುದಿಲ್ಲ. ಕಳ್ಳಿ ಎಂದು ಸಭೆಯಲ್ಲಿ ಅಂದಿದ್ದೇವೆ, ಅಲ್ಲ ಎಂದೂ ಸಭೆಯಲ್ಲೇ ಅನ್ನಬೇಕು. ಅದಕ್ಕೆ ಕಾಗದ ಬೇಕು, ಜ್ಯೋತ್ಸ್ನಾ. ನೀವು ನನಗೆ ಬರೆದ ಪತ್ರ ಗೆಳತಿಯ ಪತ್ರ. ಅದನ್ನು ಓದಿದರೆ ಇಬ್ಬರು ಹೆಂಗಸರ ಮಾತು ಎಂದು ತಳ್ಳುತ್ತಾರೆ. ಗೋಡೆಯ ಮೇಲಿರುವುದಕ್ಕೆ ಗೋಡೆಗೇ ಅಂಟಿಸುವಂಥ ಉತ್ತರ ಬೇಕು.

ನಿಮಗೆ ಕಷ್ಟವಾಗುತ್ತದೆ ಎಂದು ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಭಾಗ್ಯಾ


ಬೆಳಗಾವಿ
೬ ನವೆಂಬರ್ ೨೦೨೫

ಭಾಗ್ಯಕ್ಕ,

ಇದರ ಜೊತೆ ಎರಡು ಹಾಳೆಗಳಿವೆ. ಮೊದಲನೆಯದರಲ್ಲಿ ಪ್ರಮಾಣಪತ್ರ ಹಿಂತೆಗೆದುಕೊಂಡಿದ್ದೇನೆ ಎಂದೂ, ಯಂತ್ರದ ಪ್ರೋಗ್ರಾಂ ದೋಷದಿಂದ ತೊಳೆದ ನೀರಿನ ಲೆಕ್ಕ ಮೈಲಾರವ್ವ ಅವರ ಹೆಸರಿಗೆ ಬಿದ್ದಿತ್ತು ಎಂದೂ, ಅವರ ಹಾಲಿನಲ್ಲಿ ನೀರಿತ್ತು ಎನ್ನಲು ಯಾವ ಆಧಾರವೂ ಇಲ್ಲ ಎಂದೂ ಬರೆದು ಸಹಿ ಮಾಡಿದ್ದೇನೆ. ಎರಡನೆಯದರಲ್ಲಿ ದೋಷ ಹೇಗಿತ್ತು ಎಂಬ ವಿವರ, ಯಾವ ಎಂಜಿನಿಯರ್ ಬಂದರೂ ಪರೀಕ್ಷಿಸಬಹುದು. ಸಿಕ್ಕಾ ಇಲ್ಲ. ಸಿಕ್ಕಾ ಕಾಕಾನ ಕಪಾಟಿನಲ್ಲಿದೆ.

ಕೆಲಸ ಬಿಟ್ಟೆ ಎಂದು ಬರೆದರೆ ದೊಡ್ಡಸ್ತಿಕೆಯ ಮಾತಾಗುತ್ತದೆ. ಬಿಡಿಸಿದರು. ಈ ಹಾಳೆಗಳ ಪ್ರತಿಯನ್ನು ಮೊದಲು ಅವರಿಗೇ ಕೊಟ್ಟೆ, ಬೆನ್ನ ಹಿಂದೆ ಮಾಡುವುದು ಬೇಡ ಎಂದು. ಕಾಕಾ ಓದಿ, "ಮನೀ ಮಗಳು ಅಂದಿದ್ದೆ" ಎಂದರು. ಸುಶ್ರುತ ನನ್ನ ಕಡೆ ನೋಡಲೇ ಇಲ್ಲ, ಫೋನ್ ನೋಡುತ್ತಿದ್ದ. ಮನೆಯಲ್ಲಿ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅಮ್ಮ ಅನ್ನಪೂರ್ಣಾಬಾಯಿ ಮಾತ್ರ ನಿಮ್ಮ ಪತ್ರಗಳನ್ನು ಇಸಗೊಂಡು ಓದಿದರು. ಗಟಾರದ ಸಂಗತಿ ಬಂದಾಗ ಕಾಗದ ಮಡಚಿಟ್ಟು ಒಳಗೆ ಹೋದರು.

ನಿದ್ದೆಗೆಡಿಸುವುದು ಬೇರೆ. ಈ ಯಂತ್ರಗಳು ನಿಮ್ಮೂರಲ್ಲಿ ಮಾತ್ರ ಇಲ್ಲ. ಶಲವಡಿ ಕಡೆ ಇವೆ, ಕುಂದಗೋಳ ಕಡೆ ಇವೆ. ಪ್ರತಿ ಊರಲ್ಲೂ ಮನೆ ದೂರವಿರುವ, ಕೊನೆಗೆ ಬರುವ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ಅಲ್ಲೆಲ್ಲ ಈಗ ಪರದೆಯ ಮೇಲೆ ಹೂವಿನ ಚಿತ್ರ ಬಂದಿದೆ, ಅವಳ ಹೆಸರ ಮೇಲಿನ ಹೊಲಸು ಹಾಗೇ ಇದೆ. ನನಗೆ ನೆನಪಿರುವ ಊರುಗಳ ಸಂಘಗಳಿಗೆಲ್ಲ ಬರೆಯುತ್ತಿದ್ದೇನೆ. ಹೆಸರು ಗೊತ್ತಿಲ್ಲ, ಆದ್ದರಿಂದ "ಜೂನ್‌ನಿಂದ ನೀರಿನ ಆರೋಪ ಹೊತ್ತ ಸದಸ್ಯೆಯ ಬಗ್ಗೆ" ಎಂದು ಬರೆಯುತ್ತೇನೆ. ಒಂದೂರಿನಿಂದ ಉತ್ತರ ಬಂದಿದೆ. "ನಮ್ಮಲ್ಲಿ ಅಂಥವರು ಯಾರೂ ಇಲ್ಲ, ಅವರನ್ನು ತೆಗೆದುಹಾಕಿ ಆಗಿದೆ" ಎಂದಿದೆ.

ಸಭೆಗೆ ನಾನೇ ಬರಲೆ? ಬೈಸಿಕೊಳ್ಳಲು ಸಿದ್ಧಳಿದ್ದೇನೆ.

ಜ್ಯೋತ್ಸ್ನಾ


ಮುತ್ತಲಕೊಪ್ಪ
೨೫ ನವೆಂಬರ್ ೨೦೨೫

ಪ್ರೀತಿಯ ಜ್ಯೋತ್ಸ್ನಾ,

ನೀನು ಬರಲೆ ಎಂದು ಕೇಳಿದಾಗ ಬೇಡ ಎಂದು ಫೋನ್ ಮಾಡಿದ್ದೆನಲ್ಲ, ನಿನಗೆ ಬೇಜಾರಾಯಿತೇನೊ. ನೀನು ಬಂದಿದ್ದರೆ ಎಲ್ಲರೂ ನಿನ್ನನ್ನು ಬೈದು, ಎಲ್ಲ ನಿನ್ನ ತಲೆಗೆ ಕಟ್ಟಿ, ಹಗುರಾಗಿ ಮನೆಗೆ ಹೋಗುತ್ತಿದ್ದರು. ನಮ್ಮ ಪಾಲಿನದನ್ನು ನಾವು ಉಣ್ಣಬೇಕಿತ್ತು. ಅದಕ್ಕೆ ಬೇಡವೆಂದೆ.

ಸಭೆ ಆಯಿತು. ಸುವರ್ಣಕ್ಕ ಬರುವುದಿಲ್ಲ ಎಂದಿದ್ದರು, ಬಂದರು. ಖಾಸಿಂಬಿ ಹೋಗಿ ಮೈಲಾರವ್ವನನ್ನು ಕರೆತಂದಳು. ಅವಳು ಒಳಗೆ ಬರದೆ ಬಾಗಿಲ ಬಳಿ ನಿಂತಳು. ನಿನ್ನ ಹಾಳೆಯನ್ನು ಗಟ್ಟಿಯಾಗಿ ಓದಿದೆ. "ಅವರ ಹಾಲಿನಲ್ಲಿ ನೀರಿತ್ತು ಎನ್ನಲು ಯಾವ ಆಧಾರವೂ ಇಲ್ಲ" ಎಂಬ ಸಾಲನ್ನು ಮತ್ತೊಮ್ಮೆ ಓದಿದೆ. ಸಿಕ್ಕಾ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗಟಾರಕ್ಕೆ ಸುರಿದ ನಾದಿನಿ ಕಾಲ ಬೆರಳು ನೋಡುತ್ತಿದ್ದಳು. ಹಳೆಯ ಪ್ರಮಾಣಪತ್ರವನ್ನು ಗೋಡೆಯಿಂದ ಕಿತ್ತೆ. ಗೋಂದು ಬಿಗಿಯಾಗಿತ್ತು, ಸುಣ್ಣದ ಸಮೇತ ಕಿತ್ತುಬಂತು.

ಸುವರ್ಣಕ್ಕ, "ಯಂತ್ರದ ತಪ್ಪು. ಆದದ್ದು ಆಗಿಹೋತು. ನಾಳಿಂದ ಹಾಲ ತಾ ಬೇ ಮೈಲಾರವ್ವಾ" ಎಂದರು.

ನಾನು ಕಾರ್ಡು ಹಿಡಿದು ಬಾಗಿಲಿಗೆ ಹೋದೆ. "ತಪ್ಪಾತು ಮೈಲಾರವ್ವಾ. ಯಂತ್ರದ್ದಲ್ಲ, ನನ್ನದು" ಎಂದೆ.

ಅವಳು ಕಾರ್ಡು ನೋಡಲಿಲ್ಲ. ನನ್ನನ್ನೇ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದ್ದನ್ನು ಕೇಳುವಂತಿತ್ತು.

"ಖಾಸಿಂಬಿ ಮನಿಗೆ ಹೋಗಿ ಹಿಂಡೂದ ನೋಡಿದಿ. ನಮ್ಮ ಮನಿಗೆ ಯಾಕ ಬರಲಿಲ್ಲ?"

ಏನು ಹೇಳಲಿ, ಜ್ಯೋತ್ಸ್ನಾ? ಖಾಸಿಂಬಿ ಕೂಗಾಡಿದಳು, ಅದಕ್ಕೆ ಹೋದೆ ಎನ್ನಲೆ? ನಿನ್ನ ಮನೆ ದೂರ ಎನ್ನಲೆ? ಕುರಿಯ ವಾಸನೆ ಎನ್ನಲೆ? ನಿನ್ನಂಥವಳು ನೀರು ಹಾಕಿಯೇ ಹಾಕುತ್ತಾಳೆ ಎಂದು ಯಂತ್ರ ಹೇಳುವ ಮೊದಲೇ ಮನಸ್ಸಿನಲ್ಲಿ ಇತ್ತು ಎನ್ನಲೆ? ನಿಮ್ಮ ಸುಶ್ರುತನಿಗೆ ಅರ್ಧ ದಿನ ಇರಲಿಲ್ಲ. ನನಗೆ ಒಂದು ಮುಂಜಾನೆ ಇರಲಿಲ್ಲ.

ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ, "ಇರ್ಲಿ ಬಿಡವಾ" ಎಂದು ಹೋದಳು. ಕಾರ್ಡು ನನ್ನ ಕೈಯಲ್ಲೇ ಉಳಿಯಿತು.

ಮರುದಿನ ಬೆಳಗಾಗುವ ಮುಂಚೆ ಎದ್ದು ಅವಳ ಮನೆಗೆ ನಡೆದೆ. ಮೊದಲ ಸಲ ಹೋದದ್ದು, ದಾರಿ ಕೇಳಿಕೊಂಡು ಹೋಗಬೇಕಾಯಿತು. ದನದ ಕೊಟ್ಟಿಗೆ ನಮ್ಮ ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ಅವಳು ಕರುವನ್ನು ಬಿಟ್ಟು, ಹಿಡಿದು ಕಟ್ಟಿ, ಹಿಂಡಲು ಕೂತಿದ್ದಳು. ನನ್ನನ್ನು ಕಂಡು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಗೂಟದ ಬಳಿ ನಿಂತೆ. ಆಕಳು ತಲೆಯೆತ್ತಿ ನನ್ನನ್ನು ನೋಡಿ ಬುಸ್ಸೆಂದಿತು, ಹಿಂಗಾಲು ಝಾಡಿಸಿತು. ಅವಳು ಕೆಚ್ಚಲು ನೇವರಿಸಿದಳು. ಹಾಲು ಬಿಡಲಿಲ್ಲ.

"ಹೊರಗ ನಿಂದ್ರವಾ" ಎಂದಳು. "ಗುರ್ತ ಇಲ್ಲದವರ ಮುಂದ ಅದು ಹಾಲ ಬಿಡೂದಿಲ್ಲ."

ಹೊರಗೆ ಬಂದು ಬೇಲಿಯ ಹತ್ತಿರ ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿತು. ಆಮೇಲೆ ಅವಳು ಕ್ಯಾನು ಹೊತ್ತು ಹೊರಬಂದು, ನನ್ನ ಪಕ್ಕದಿಂದಲೇ ಹಾದು, ಊರಿನ ಕಡೆ ತಿರುಗದೆ ಮಿಶ್ರಿಕೋಟಿಯ ದಾರಿ ಹಿಡಿದಳು.

ನಿನ್ನ
ಭಾಗ್ಯಕ್ಕ